ದಕ್ಷಿಣದ ತಗ್ಗಿನಲ್ಲಿ ಕಂಡದ್ದು

‘ಗೊತ್ತಿಲ್ಲದ ಪ್ರಾಣಿಗೆ ಹೆಸರು ಕೊಟ್ಟುಬಿಟ್ಟೆ. ಒಂದಲ್ಲ, ಹತ್ತೊಂಬತ್ತು ಸಲ.’ ಡೈರಿಯಲ್ಲಿ ಇಷ್ಟು ಬರೆದು ಶೈಲಾ ಪೆನ್ನು ಕೆಳಗಿಟ್ಟಳು.

ಪದವಿ ಮುಗಿಸಿ ನಾರಾಯಣಗೂಡದ ಸೋದರತ್ತೆಯ ಮನೆಗೆ ಬಂದವಳಿಗೆ ಅದೇ ನಗರದ ಉಪ್ಪಲ್‌ನ ಕಚೇರಿಯೊಂದರಲ್ಲಿ ವಿಚಿತ್ರ ಕೆಲಸ ಸಿಕ್ಕಿತ್ತು. ಇಂಗ್ಲೆಂಡಿನ ಒಂದು ಹಳೇ ಓಕ್ ಕಾಡಿನಲ್ಲಿ ಮರಗಳಿಗೆ ಕ್ಯಾಮೆರಾ ಕಟ್ಟಿದ್ದರು. ಎದುರು ಏನಾದರೂ ಅಲುಗಿದರೆ ಅವು ತಾವೇ ಚಿತ್ರ ತೆಗೆಯುತ್ತಿದ್ದವು. ಶೈಲಾ ಚಿತ್ರ ನೋಡಿ ಪ್ರಾಣಿಯ ಹೆಸರಿನ ಗುಂಡಿ ಒತ್ತಬೇಕು. ಮೂರು ತಿಂಗಳಿಂದ ದಿನಾ ಹೀಗೇ ಆ ಕಾಡಿಗೆ ಹೋಗಿಬರುತ್ತಿದ್ದಳು. ಯಾವ ಮರದ ಬುಡದಲ್ಲಿ ಅಣಬೆ ಏಳುತ್ತದೆ, ಯಾವ ಜಿಂಕೆಯ ಕಿವಿ ಹರಿದಿದೆ, ಎಲ್ಲ ಬಲ್ಲಳು. ಅಲ್ಲಿಯ ಮಣ್ಣಿಂದ ಎಂಥ ವಾಸನೆ ಬರುತ್ತದೋ ಮಾತ್ರ ತಿಳಿಯದು. ಹಾಗಾದರೆ ಆ ಕಾಡು ನೋಡಿದಂತೆಯೋ, ನೋಡದಂತೆಯೋ?

“ಹುಲಿ ಅದಾವೇನ ಅಲ್ಲೆ?” ಚಹಾ ತಂದ ಅತ್ತೆ ಉಮಾಬಾಯಿ ಕೇಳಿದಳು.

“ಇಲ್ಲತ್ತಿ. ಜಿಂಕಿ, ನರಿ, ಗೂಬಿ. ಮತ್ತ ಬ್ಯಾಡ್ಜರ್ ಅಂತ ಒಂದು ಐತಿ. ಮಾರಿ ಮ್ಯಾಲ ಬಿಳೀ ಪಟ್ಟಿ ಇರತಾವ.”

“ವಿಭೂತಿ ಹಚ್ಚಿಕೊಂಡಂಗ! ಭಾಳ ಶಿವಭಕ್ತ ಇದ್ದೀತು ಬಿಡು.”

ಶೈಲಾಗೆ ನಗು ಬರಲಿಲ್ಲ. ಕಾಡಿನ ದಕ್ಷಿಣದ ತಗ್ಗಿನ ಕ್ಯಾಮೆರಾ ತೆಗೆದ ಹತ್ತೊಂಬತ್ತು ಚಿತ್ರಗಳಲ್ಲಿ ಆ ಪಟ್ಟಿಯೇ ಕಂಡಿರಲಿಲ್ಲ. ದಪ್ಪನೆಯ ಬೆನ್ನೊಂದು, ಅಷ್ಟೇ. ಮುಖ ಜರೀಗಿಡಗಳ ಮರೆಯಲ್ಲಿ. ಒಮ್ಮೆ ಹಂದಿಮರಿ ಅನಿಸುತ್ತಿತ್ತು, ಒಮ್ಮೆ ನಾಯಿ. ‘ಗೊತ್ತಿಲ್ಲ’ ಎಂಬ ಗುಂಡಿಯೇನೋ ಇತ್ತು. ಆದರೆ ಅದನ್ನು ಹೆಚ್ಚು ಒತ್ತಿದವರನ್ನು ಮನೆಗೆ ಕಳಿಸುತ್ತಾರೆಂದು ಪಕ್ಕದ ಕುರ್ಚಿಯ ಪಿಂಕಿ ಹೆದರಿಸಿದ್ದಳು. ಶೈಲಾ ಬ್ಯಾಡ್ಜರ್ ಎಂದು ಒತ್ತುತ್ತ ಹೋಗಿದ್ದಳು.

ಮರುದಿನ ಕಚೇರಿಯಲ್ಲಿ ತಂಡದ ಮುಖ್ಯಸ್ಥ, ಮೈಸೂರಿನ ಮೋಹನ, ನಗುತ್ತ ಬಂದ. “ಶೈಲಾ, ನಿಮ್ಮಿಂದ ಅಲ್ಲಿ ಹಬ್ಬ ಕಣ್ರೀ! ಮೂವತ್ತು ವರ್ಷದಿಂದ ಆ ತಗ್ಗಲ್ಲಿ ಬ್ಯಾಡ್ಜರೇ ಇರ್ಲಿಲ್ವಂತೆ. ವಾಪಸ್ ಬಂದಿವೆ, ಬಿಲ ತುಳೀಬಾರ್ದು ಅಂತ ಊರೋರು ಓಡಾಡೋ ದಾರೀನೇ ಮುಚ್ತಾರಂತೆ. ಊಟ ಆದ್ಮೇಲೆ ನಿಮ್ಮ ಚಿತ್ರಗಳ ಕೊನೇ ಪಟ್ಟಿ ಅವರಿಗೆ ಕಳಿಸ್ತೀನಿ.”

“ಬಿರ್ಯಾನಿ ಕೊಡಸವ್ವಾ, ಬ್ಯಾಡ್ಜರಮ್ಮ!” ಎಂದಳು ಪಿಂಕಿ.

ಶೈಲಾ ಊಟಕ್ಕೆ ಏಳಲಿಲ್ಲ. ಹತ್ತೊಂಬತ್ತೂ ಚಿತ್ರ ಮತ್ತೆ ತೆರೆದಳು. ನೋಡಿದಷ್ಟೂ ಗೊಂದಲ. ಬ್ಯಾಡ್ಜರ್ ಅಲ್ಲವೆಂದುಬಿಟ್ಟರೆ, ಅದು ನಿಜಕ್ಕೂ ಬ್ಯಾಡ್ಜರ್ ಆಗಿದ್ದು, ಅದರ ಬಿಲದ ಮೇಲೆ ಜನ ತುಳಿದಾಡಿದರೆ? ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಆದರೆ ಯಾರದೋ ಊರಿನ ದಾರಿ ಇವಳ ಅಂದಾಜಿಗೆ ಮುಚ್ಚಿಹೋಗುತ್ತದೆ. ಯಾವುದು ತಪ್ಪು, ಯಾವುದು ದೊಡ್ಡ ತಪ್ಪು, ಒಂದೂ ಬಗೆಹರಿಯಲಿಲ್ಲ.

ಮೋಹನ ಬಂದು ಕೂತು ಪಟ್ಟಿ ತೆರೆದ. ಶೈಲಾ ಎದ್ದಳು. ಕುರ್ಚಿ ಕಿರ್ರೆಂದದ್ದಕ್ಕೆ ಅರ್ಧ ಕಚೇರಿ ತಿರುಗಿ ನೋಡಿತು.

“ಕಳಿಸಬ್ಯಾಡ್ರಿ, ಸರ್. ಅದು ಏನಂತ ನನಗ ತಿಳದಿಲ್ಲರಿ. ಹತ್ತೊಂಬತ್ತೂ ಅಂದಾಜಿನ ಮ್ಯಾಲ ಒತ್ತೀನಿ.”