ಮುಖವಿಲ್ಲದವನ ಮುನ್ನೂರು ಪುಟ

ಎರಡು ಮಾತಿನಲ್ಲಿ ಮುಗಿಯಬೇಕಾದ ತಪ್ಪೊಪ್ಪಿಗೆಗೆ ನನ್ನ ಗಂಡ ಮುನ್ನೂರು ಪುಟದ ಕಾದಂಬರಿ ಬರೆದರು. ಇವರ ಮೊದಲನೆಯ ಕಾದಂಬರಿ, ಪೂರ್ತಿ ಸಾಂಕೇತಿಕ. ಮುಖವಿಲ್ಲದವನೊಬ್ಬ ಊರ ನಡುವಿನ ವಿಗ್ರಹದ ಮುಖ ಕದ್ದು ಹಾಕಿಕೊಳ್ಳುತ್ತಾನೆ. ಊರಿನವರು ಕಾವಲುಗಾರನಿಗೆ ಕಣ್ಣು ಕಾಣುವುದಿಲ್ಲವೆಂದು ಅವನನ್ನು ಹಿತ್ತಿಲ ಬಾಗಿಲಿಗೆ ಅಟ್ಟುತ್ತಾರೆ. ಕಳ್ಳ ಏಳು ಮರಳುಗಾಡು ಅಲೆದು, ತಾನು ಯಾರೆಂದು ಮರಳನ್ನೇ ಕೇಳಿ, ಕೊನೆಗೆ ಕಾವಲುಗಾರನ ಕಾಲಿಗೆ ಬಿದ್ದು ಪಾಪದಿಂದ ಬಿಡುಗಡೆ ಪಡೆಯುತ್ತಾನೆ. ಮರಳು ಹದಿನೆಂಟು ಪುಟ ಉತ್ತರ ಕೊಡುತ್ತದೆ. ಅಷ್ಟನ್ನೂ ಟೈಪ್ ಮಾಡಿದವಳು ನಾನು. ನನ್ನ ಬೆರಳುಗಳಿಗೆ ಯಾವ ಬಿಡುಗಡೆಯೂ ಸಿಗಲಿಲ್ಲ.

ನಡೆದದ್ದು ಇಷ್ಟು. ನಾವು ಮೂವರೂ ಒಂದೇ ಪ್ರೆಸ್ಸಿನವರು. ನಾನು ಟೈಪಿಂಗ್, ಇವರು ಪುಟವಿನ್ಯಾಸ, ಇವರ ಅಣ್ಣ, ಅಂದರೆ ನಮ್ಮ ಭಾವ, ಪ್ರೂಫ್ ನೋಡುವವರು. ಹನ್ನೊಂದು ವರ್ಷದ ಹಿಂದೆ ಒಂದು ನಿಧನದ ಕಾರ್ಡೂ ಒಂದು ನಿವೃತ್ತಿಯ ಕಾರ್ಡೂ ಒಂದೇ ದಿನ ಅಚ್ಚಿಗೆ ಹೋಗಬೇಕಿತ್ತು. ಭಾವ ಎರಡನ್ನೂ ನೋಡಿ ಸಹಿ ಹಾಕಿದರು. ಸಹಿಯಾದ ಮೇಲೆ ಇವರಿಗೆ ಸತ್ತವರ ಫೋಟೋ ಮಂಕಾಗಿದೆ ಅನ್ನಿಸಿತು. ಇನ್ನೂ ಚೆನ್ನಾಗಿರುವುದನ್ನು ಕೂರಿಸಲು ಹೋಗಿ ನಿವೃತ್ತರಾಗುವವರ ಫೋಟೋ ಕೂರಿಸಿಬಿಟ್ಟರು. ಆ ಮಹಾನುಭಾವರು ತಮ್ಮದೇ ಸಾವಿನ ಕಾರ್ಡು ಹಿಡಿದು ಖುದ್ದಾಗಿ ಪ್ರೆಸ್ಸಿಗೆ ಬಂದರು. ಭಾವ ನೋಡಿದ್ದ, ಸರಿಯಾದ ಫೋಟೋ ಇದ್ದ ಪ್ರೂಫ್ ಹಾಳೆ ಆಗಲೇ ರದ್ದಿಗೆ ಹೋಗಿತ್ತು. ಉಳಿದದ್ದು ರಿಜಿಸ್ಟರಿನಲ್ಲಿ ಭಾವನವರ ಸಹಿ ಮಾತ್ರ. ಇವರು ತುಟಿ ಪಿಟಕ್ಕೆನ್ನಲಿಲ್ಲ. ಭಾವ ತಮ್ಮದೇ ಕಣ್ತಪ್ಪು ಅಂದುಕೊಂಡು ತಲೆ ತಗ್ಗಿಸಿದರು. ಪುಸ್ತಕ ವಿಭಾಗದ ಮುಖ್ಯಸ್ಥರಾಗಿದ್ದವರನ್ನು ಮಾಲೀಕರು ವಿಸಿಟಿಂಗ್ ಕಾರ್ಡು ನೋಡುವ ಮೂಲೆ ಮೇಜಿಗೆ ಹಾಕಿದರು.

ಮದುವೆಯಾದ ಹೊಸದರಲ್ಲೇ ಇವರು ನನ್ನೆದುರು ಇದನ್ನು ಹೇಳಿಕೊಂಡು ಅತ್ತಿದ್ದರು. ಹೋಗಿ ಅಣ್ಣನಿಗೆ ಹೇಳಿ ಎಂದೆ. ನೇರವಾಗಿ ಹೇಳಿದರೆ ಸತ್ಯ ಸಣ್ಣದಾಗಿಬಿಡುತ್ತದೆ, ಅದಕ್ಕೊಂದು ರೂಪಕ ಬೇಕು ಎಂದರು. ಪುಕ್ಕಲುತನಕ್ಕೆ ಅಷ್ಟು ಚೆಂದದ ಹೆಸರಿದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಾಲೀಕರು ಕಾದಂಬರಿಯನ್ನು ಅಚ್ಚು ಹಾಕಲು ಒಪ್ಪಿದರು. ಅವರ ಪ್ರಕಾರ ಮುಖವಿಲ್ಲದವನು ಎಂದರೆ ತೆರಿಗೆ ಇಲಾಖೆ. ಮುನ್ನುಡಿ ಬರೆದ ಪ್ರಾಧ್ಯಾಪಕರು ಇದು ಇಡೀ ಮನುಕುಲದ ಕಥೆ ಎಂದರು. ಅವರು ಮುನ್ನುಡಿ ಬರೆದ ಪುಸ್ತಕಗಳೆಲ್ಲ ಇಡೀ ಮನುಕುಲದವೇ. ಪ್ರೂಫ್ ಮಾತ್ರ ಅಣ್ಣನೇ ನೋಡಬೇಕೆಂದು ಇವರು ಹಟ ಹಿಡಿದರು. ಅಣ್ಣ ಓದುತ್ತಾನೆ, ಅರ್ಥ ಮಾಡಿಕೊಳ್ಳುತ್ತಾನೆ, ಎದ್ದು ಬಂದು ತಬ್ಬಿಕೊಳ್ಳುತ್ತಾನೆ ಎಂಬುದು ಇವರ ಲೆಕ್ಕಾಚಾರ. ಒಂಬತ್ತು ದಿನ ಇವರಿಗೆ ಊಟ ಸೇರಲಿಲ್ಲ.

ಹತ್ತನೆಯ ದಿನ ಕಟ್ಟು ವಾಪಸ್ ಬಂತು. ಕಳ್ಳ ಕಾಲಿಗೆ ಬೀಳುವ ಪುಟದಲ್ಲಿ ಭಾವ ಒಂದು ಅಲ್ಪವಿರಾಮ ತಿದ್ದಿದ್ದರು, ಅಷ್ಟೇ. ಇವರು ಮೂಲೆ ಮೇಜಿನ ಹತ್ತಿರ ಹೋದರು. ನಾನೂ ಕೆಲಸ ಬಿಟ್ಟು ಹಿಂದೆಯೇ ಹೋದೆ.

“ಕಥೆ ಹೇಗನ್ನಿಸ್ತು ಅಣ್ಣ?”

“ಕಥೆ ನಾನು ಓದಲ್ಲಪ್ಪ,” ಎಂದರು ಭಾವ.

ಆ ಕಾರ್ಡಿನ ರಾದ್ಧಾಂತದ ಮೇಲೆ ಅವರಿಗೆ ತಮ್ಮ ಕಣ್ಣಿನ ಮೇಲೆ ನಂಬಿಕೆಯೇ ಹೋಗಿತ್ತಂತೆ. ಅರ್ಥದ ಹಿಂದೆ ಹೋದರೆ ತಪ್ಪು ಕಾಣುವುದಿಲ್ಲವೆಂದು, ಅಂದಿನಿಂದ ಕೊನೆಯ ಪುಟದ ಕೊನೆಯ ಪದದಿಂದ ಶುರು ಮಾಡಿ ಒಂದೊಂದೇ ಪದ ನೋಡುತ್ತ ಹಿಂದಕ್ಕೆ ಬರುವುದು ಅವರ ಪದ್ಧತಿ. ಮುನ್ನೂರು ಪುಟವನ್ನೂ ಹಾಗೆಯೇ ನೋಡಿದ್ದರು. ಕಳ್ಳ ಯಾರು, ಕಾವಲುಗಾರ ಯಾರು, ಅವರಿಗೆ ಗೊತ್ತೇ ಇರಲಿಲ್ಲ.

ನನಗೆ ನಗುವೂ ಬಂತು, ಕರುಳೂ ಚುರುಕ್ಕೆಂದಿತು. ಇವರು ಮರಳುಗಾಡು ಏನನ್ನು ಸಂಕೇತಿಸುತ್ತದೆ ಎಂದು ವಿವರಿಸಲು ಹೊರಟರು. ನಾನು ಇವರ ಬೆನ್ನಿಗೆ ತಿವಿದೆ.

“ಆ ಫೋಟೋ ಬದಲಾಯಿಸಿದ್ದು ನಾನು ಅಣ್ಣ. ನೀನು ಸಹಿ ಹಾಕಿದ ಮೇಲೆ.”

ಭಾವ ಪೆನ್ನಿನ ಮುಚ್ಚಳ ಹಾಕಿದರು.

“ಹಾಗಾದ್ರೆ ನನ್ನ ಕಣ್ಣು ಸರಿಯಾಗೇ ಇತ್ತಾ?”

ಇವರು ಹೂಂ ಎಂದರು.

“ಹನ್ನೊಂದು ವರ್ಷದಿಂದ ಒಂದು ಪುಸ್ತಕಾನೂ ಖುಷಿಯಾಗಿ ಓದಿಲ್ಲ ಕಣೋ ನಾನು,” ಎಂದರು. ಇವರಿಗೆ ಆ ಕ್ಷಣ ನಾಚಿಕೆಯಾಯಿತು, ನನಗೆ ಇವರಿಗಿಂತ ಹೆಚ್ಚು. ಹೇಳಿ ಎಂದು ಹೇಳಿ ಹೇಳಿ ನಾನೂ ಸುಮ್ಮನಾಗಿಬಿಟ್ಟಿದ್ದವಳೇ.

ಭಾವ ಎದ್ದು ತಮ್ಮನ ತೋಳು ಹಿಡಿದರು. ತಬ್ಬಿಕೊಳ್ಳುವುದಕ್ಕಲ್ಲ. ಸೀದಾ ಮಾಲೀಕರ ಕೋಣೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

“ಈಗ ನನಗೆ ಹೇಳಿದ್ದನ್ನೇ ಇವರಿಗೂ ಹೇಳು. ಒಂದು ಪದಾನೂ ಸೇರಿಸಬೇಡ.”

ಇವರು ಹೇಳಿದರು. ಮಾಲೀಕರು ಭಾವನವರಿಗೆ ಎದುರಿನ ಕುರ್ಚಿ ತೋರಿಸಿದರು. ಕಾದಂಬರಿಕಾರರಿಗೆ ತೋರಿಸಲಿಲ್ಲ.