ಭಾನುವಾರ ಬಾರದ ತಲೆನೋವು

ಲಾಂಡ್ರಿಯ ಹೆಂಗಸರೆಲ್ಲ ಅವನನ್ನು ಮೈದುನ ಎಂದೇ ಕರೆಯುತ್ತಿದ್ದರು. ಅಸಲಿಗೆ ಅವನು ಮೈದುನನಾಗಿದ್ದದ್ದು ಅವರಲ್ಲಿ ಒಬ್ಬಳಿಗೆ ಮಾತ್ರ, ಇಸ್ತ್ರಿ ವಿಭಾಗದ ಹಿರಿಯಳಿಗೆ. ಆಕೆಯನ್ನು ಸ್ಕೂಟರಿನಲ್ಲಿ ಬಿಟ್ಟುಹೋಗಲು ಬರುತ್ತಿದ್ದವನನ್ನು ‘ಇವನು ನನ್ನ ಮೈದುನ’ ಎಂದು ಒಂದು ದಿನ ಆಕೆ ಪರಿಚಯಿಸಿದ್ದೇ ತಡ, ಹನ್ನೊಂದು ಜನರಿಗೂ ಪುಕ್ಕಟೆಯಾಗಿ ಒಬ್ಬ ಮೈದುನ ಸಿಕ್ಕಿಬಿಟ್ಟ. ಅರುವತ್ತು ದಾಟಿದ ಹೊಲಿಗೆಯಜ್ಜಿ ಕೂಡ ಹಾಗೇ ಕರೆದು ಎಲ್ಲರನ್ನೂ ನಗಿಸುತ್ತಿದ್ದಳು.

ಅವನ ಕೆಲಸ ಬಾಯ್ಲರ್ ರಿಪೇರಿ. ಆಸ್ಪತ್ರೆ, ಹೋಟೆಲು, ಈಜುಕೊಳ, ಎಲ್ಲಿ ದೊಡ್ಡ ಗ್ಯಾಸ್ ಬಾಯ್ಲರ್ ಇದೆಯೋ ಅಲ್ಲಿ ಅವನ ಓಡಾಟ. ಈ ಲಾಂಡ್ರಿಯ ಬಾಯ್ಲರನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಅದನ್ನು ಬೇರೆ ಯಾರೋ ನೋಡಿಕೊಳ್ಳುತ್ತಿದ್ದರು. ಅವರು ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಅಲ್ಲಿಂದೀಚೆಗೆ ಯಾರೂ ಅದರ ಬಾಗಿಲು ತೆಗೆದಿರಲಿಲ್ಲ. ಕೊನೆಗೆ ಅತ್ತಿಗೆಯೇ ಮಾಲೀಕಳ ಹತ್ತಿರ ಮಾತಾಡಿ, ಒಂದು ಮಂಗಳವಾರ ಬೆಳಗ್ಗೆ ಅವನನ್ನು ಸರ್ವಿಸಿಗೆ ಕರೆಸಿದಳು.

ಅವನೇನೋ ಬಂದ, ಆದರೆ ಮನಸ್ಸು ಮಾತ್ರ ಗುರುವಾರದಲ್ಲಿತ್ತು. ಮೂರು ವಾರದ ಹಿಂದೆ ಅತ್ತಿಗೆ ಅವನನ್ನು ಮನೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡು, ತನಗೆ ತಿಂಗಳಿಂದ ತಲೆನೋವು, ಕಣ್ಣು ಕತ್ತಲೆ, ಮಧ್ಯಾಹ್ನವಾದರೆ ವಾಕರಿಕೆ ಎಂದು ಹೇಳಿದ್ದಳು. ಆಕೆಯ ತಾಯಿಗೂ ಹೀಗೆಯೇ ಶುರುವಾಗಿ, ತಲೆಯೊಳಗೆ ಗಡ್ಡೆ ಎಂದು ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು. ಈ ಗುರುವಾರಕ್ಕೆ ಸ್ಕ್ಯಾನಿಂಗ್ ನಿಗದಿಯಾಗಿತ್ತು. ಅಣ್ಣನಿಗೆ ಹೇಳಕೂಡದು ಎಂದು ಆಣೆ ಮಾಡಿಸಿಕೊಂಡಿದ್ದಳು. ಅವನ ಅಮ್ಮ ಸತ್ತಾಗ ಅವನಿಗೆ ಒಂಬತ್ತು ವರ್ಷ. ಅವನ ತಲೆ ಬಾಚಿ, ಮಗ್ಗಿ ಬಾಯಿಪಾಠ ಮಾಡಿಸಿ ಬೆಳೆಸಿದವಳು ಈ ಅತ್ತಿಗೆ. ಆ ಗುಟ್ಟನ್ನು ಹೊತ್ತುಕೊಂಡು ಅಣ್ಣನ ಎದುರು ಊಟಕ್ಕೆ ಕೂತರೆ ಮುಖ ಎತ್ತದೆ ಉಂಡು ಏಳುತ್ತಿದ್ದ.

ಬಾಯ್ಲರ್ ಕೋಣೆ ಇಸ್ತ್ರಿ ಕೋಣೆಯ ಹಿಂದುಗಡೆ. ಒಳಗೆ ಕಾಲಿಟ್ಟು ಉಪಕರಣದ ಚೀಲ ಕೆಳಗಿಡುವಷ್ಟರಲ್ಲಿ, ಅವನ ಜೇಬಿಗೆ ಸಿಕ್ಕಿಸಿದ್ದ ಬೆಂಕಿಪೊಟ್ಟಣದಷ್ಟು ದೊಡ್ಡ ಮೀಟರು ಕಿರುಚತೊಡಗಿತು. ಗಾಳಿಯಲ್ಲಿ ವಿಷವಿದ್ದರೆ ಎಚ್ಚರಿಸುವ ಮೀಟರು ಅದು. ಗ್ಯಾಸು ಸರಿಯಾಗಿ ಉರಿಯದೆ ಹೋದರೆ ಹುಟ್ಟುವ ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅವನು ಬಾಯ್ಲರಿನ ಗಾಜಿನ ಕಿಂಡಿಯತ್ತ ಒಮ್ಮೆ ಕಣ್ಣು ಹಾಯಿಸಿದ. ನೀಲಿಯಾಗಿ ಬಿಗಿಯಾಗಿ ಉರಿಯಬೇಕಿದ್ದ ಜ್ವಾಲೆ ಹಳದಿಗೆ ತಿರುಗಿ ಸೋಮಾರಿಯಂತೆ ತೂಗಾಡುತ್ತಿತ್ತು. ಎರಡನೇ ಸಲ ನೋಡುವ ಗೋಜಿಗೆ ಹೋಗದೆ ಗ್ಯಾಸಿನ ಕವಾಟ ತಿರುಗಿಸಿ ಮುಚ್ಚಿದ, ಇಸ್ತ್ರಿ ಕೋಣೆಗೆ ನುಗ್ಗಿ, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಎಲ್ಲರೂ ಅಂಗಳಕ್ಕೆ ನಡೆಯಬೇಕೆಂದ. ಹೆಂಗಸರು ಮೊದಲು ತಮಾಷೆ ಎಂದುಕೊಂಡರು. ಅವನ ಮುಖ ನೋಡಿದ ಮೇಲೆ ಯಾರೂ ನಗಲಿಲ್ಲ.

ಮಾಲೀಕಳು ಆಫೀಸಿನಿಂದ ದಡಬಡ ಬಂದಳು. ಆಕೆ ಕೆಟ್ಟವಳಲ್ಲ, ಆದರೆ ಸಂಜೆಯೊಳಗೆ ಎರಡು ಲಾರಿ ಹಾಸಿಗೆ ಬಟ್ಟೆ ಹೋಟೆಲಿಗೆ ತಲುಪಬೇಕಿತ್ತು. ಕಿಟಕಿ ಬಾಗಿಲು ತೆಗೆದಿಟ್ಟು ಇವತ್ತೊಂದು ದಿನ ಓಡಿಸಿ, ರಿಪೇರಿ ನಾಳೆ ಮಾಡಬಹುದಲ್ಲ ಎಂದು ಕೇಳಿದಳು. ಮಾತಾಡುತ್ತಲೇ ಎರಡು ಬೆರಳಿನಿಂದ ಹಣೆ ಒತ್ತಿಕೊಳ್ಳುತ್ತಿದ್ದಳು.

“ಮೇಡಂ, ನಿಮಗೂ ತಲೆ ನೋಯ್ತಿದೆಯಾ?” ಎಂದ ಅವನು.

ಆಕೆಯ ಕೈ ಹಣೆಯ ಮೇಲೇ ನಿಂತಿತು. “ಎರಡು ವಾರ ಆಯ್ತು,” ಎಂದಳು ಮೆಲ್ಲಗೆ. ಆಮೇಲೆ ಲಾರಿಯ ಮಾತು ಬರಲಿಲ್ಲ. ಎಲ್ಲರನ್ನೂ ಆಸ್ಪತ್ರೆಗೆ ಕರೆದೊಯ್ಯಲು ವ್ಯಾನು ತರಿಸಿದವಳು ಅವಳೇ.

ವ್ಯಾನು ಬರುವ ತನಕ ಅವನು ಒಬ್ಬೊಬ್ಬರನ್ನೇ ವಿಚಾರಿಸಿದ. ಒಬ್ಬಳಿಗೆ ತಲೆಸುತ್ತು, ಇನ್ನೊಬ್ಬಳಿಗೆ ನಿದ್ದೆಯ ಮಂಪರು. ಹೊಲಿಗೆಯಜ್ಜಿ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿದ್ದಳು. ಕೇಳುತ್ತ ಕೇಳುತ್ತ ಅವನ ಕಣ್ಣು ಅತ್ತಿಗೆಯ ಕಡೆ ಹೋಯಿತು. ಆಕೆಯ ಇಸ್ತ್ರಿ ಮೇಜು ಇದ್ದದ್ದು ಬಾಯ್ಲರ್ ಕೋಣೆಯ ಗೋಡೆಗೇ ಅಂಟಿಕೊಂಡು, ಬಿಸಿನೀರಿನ ಕೊಳವೆ ತೂರಿಬಂದ ರಂಧ್ರದ ಪಕ್ಕದಲ್ಲಿ. ಅಂಗಳದ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದ ಆಕೆಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ.

“ಅತ್ತಿಗೆ, ಭಾನುವಾರ ತಲೆನೋವು ಬರುತ್ತಾ?”

ಆಕೆ ಯೋಚಿಸಿದಳು. “ಇಲ್ಲ ಕಣೋ. ಭಾನುವಾರ ವಿಶ್ರಾಂತಿ ಇರುತ್ತಲ್ಲ.”

“ಯಾವ ವಿಶ್ರಾಂತಿ? ಭಾನುವಾರ ಇಡೀ ಮನೆ ಗುಡಿಸಿ ತೊಳೆಯೋದು ನೀವೇ ತಾನೇ?”

ಆಕೆ ಅವನನ್ನೇ ದಿಟ್ಟಿಸಿದಳು. ಅವನು ಹೆಚ್ಚು ಹೇಳಲು ಹೆದರಿದ. ಸುಳ್ಳು ಆಸೆ ಹುಟ್ಟಿಸಿದಂತಾದರೆ? ರಕ್ತಪರೀಕ್ಷೆ ಮಾಡಿಸಿ, ಬಾಯ್ಲರ್ ವಿಷಯ ಡಾಕ್ಟರಿಗೆ ಮೊದಲೇ ಹೇಳಿ ಎಂದಷ್ಟೇ ಹೇಳಿ ವ್ಯಾನು ಹತ್ತಿಸಿದ.

ಕೋಣೆಗೆ ಚೆನ್ನಾಗಿ ಗಾಳಿಯಾಡಿ ಮೀಟರು ಸೊನ್ನೆಗಿಳಿದ ಮೇಲೆ ಬಾಯ್ಲರನ್ನು ಬಿಚ್ಚಿದ. ಕಳ್ಳ ಸಿಕ್ಕಿದ್ದು ಗಾಳಿ ಎಳೆಯುವ ಫ್ಯಾನಿನ ಬಾಯಲ್ಲಿ. ಎರಡು ವರ್ಷದ ಹತ್ತಿಯ ನೂಲುಧೂಳು ಹಳೇ ಕಂಬಳಿಯಂತೆ ಅದಕ್ಕೆ ಮೆತ್ತಿಕೊಂಡಿತ್ತು. ಗಾಳಿ ಸಾಲದೆ ಬೆಂಕಿ ಮಸಿ ಕಾರಿತ್ತು; ಮಸಿ ಕಟ್ಟಿ ಹೊಗೆಯ ದಾರಿ ಇಕ್ಕಟ್ಟಾಗಿತ್ತು; ಹೊಗೆ ಕೊಳವೆಯ ಕೀಲಿನಲ್ಲಿದ್ದ ರಬ್ಬರ್ ಉಂಗುರ ಒಣರೊಟ್ಟಿಯಂತೆ ಬಿರುಕು ಬಿಟ್ಟಿತ್ತು. ಮೇಲೆ ಹೋಗಬೇಕಾದ ಹೊಗೆ ಅಲ್ಲಿಂದ ಕೋಣೆಗೂ, ಕೋಣೆಯಿಂದ ಅತ್ತಿಗೆಯ ಮೂಗಿಗೂ ದಾರಿ ಮಾಡಿಕೊಂಡಿತ್ತು. ಇಪ್ಪತ್ತು ವರ್ಷ ಊರವರ ಬಾಯ್ಲರಿನ ನಾಡಿ ಹಿಡಿದವನು ತಾನು, ಮನೆಯವಳ ತಲೆನೋವಿಗೆ ಒಮ್ಮೆಯಾದರೂ ಇದು ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ.

ಮಧ್ಯಾಹ್ನ ಆಸ್ಪತ್ರೆಗೆ ಓಡಿದ. ಎಲ್ಲರ ರಕ್ತದಲ್ಲೂ ಆ ವಿಷ ಸಿಕ್ಕಿತ್ತು, ಅತ್ತಿಗೆಯದರಲ್ಲಿ ಎಲ್ಲರಿಗಿಂತ ಹೆಚ್ಚು. ಯಾವ ಕೆಟ್ಟ ಸುದ್ದಿಯೂ ಅವನ ಕಿವಿಗೆ ಅಷ್ಟು ಹಿತವಾಗಿ ಬಿದ್ದಿರಲಿಲ್ಲ. ಆಮ್ಲಜನಕದ ಮುಖವಾಡ ಹಾಕಿಕೊಂಡು ಮಲಗಿದ್ದ ಆಕೆಯ ಪಕ್ಕದಲ್ಲಿ, ಸುದ್ದಿ ತಿಳಿದು ಅಂಗಡಿಯಿಂದ ನೇರ ಬಂದಿದ್ದ ಅಣ್ಣ ಕೂತಿದ್ದ. ಇನ್ನು ಮುಚ್ಚಿಡಲು ಆಗದೆ ಅತ್ತಿಗೆ ಮುಖವಾಡ ಸರಿಸಿ ಸ್ಕ್ಯಾನಿಂಗ್ ವಿಷಯವನ್ನೂ ಗಂಡನಿಗೆ ಹೇಳಿದಳು.

“ನನ್ನ ಹತ್ರ ಹೇಳೋಕೆ ಏನಾಗಿತ್ತು ನಿಂಗೆ?” ಎಂದ ಅಣ್ಣ. ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು ಆ ದನಿಯಲ್ಲಿ. ಆಮೇಲೆ ಮುಖವಾಡವನ್ನು ತಾನೇ ಸರಿಯಾಗಿ ಕೂರಿಸಿದ.

ತಾಯಿಗಿದ್ದ ಕಾಯಿಲೆಯ ಕಾರಣಕ್ಕೆ ಗುರುವಾರದ ಸ್ಕ್ಯಾನಿಂಗ್ ಬಿಡುವುದು ಬೇಡ ಎಂದರು ಡಾಕ್ಟರು. ಅಣ್ಣ ಜೊತೆಗೆ ಹೋದ. ಮೈದುನ ಬುಧವಾರವಿಡೀ ಮಸಿ ಕೆರೆದು ತೊಳೆದಿದ್ದ. ಗುರುವಾರ ಹೊಸ ಬರ್ನರು, ಹೊಸ ಫ್ಯಾನು, ಕೀಲು ಕೀಲಿಗೂ ಹೊಸ ಉಂಗುರ ಕೂರಿಸುತ್ತಿದ್ದ. ಗೋಡೆಯ ರಂಧ್ರವನ್ನು ಗಾರೆ ಕೆಲಸದವನು ಮುಚ್ಚುತ್ತಿದ್ದ. ಹನ್ನೆರಡಕ್ಕೆ ಫೋನು ಬಡಿದುಕೊಂಡಿತು. ಮಸಿಗೈಯಲ್ಲೇ ಎತ್ತಿದ. ಆ ಕಡೆಯಿಂದ ಅಣ್ಣನ ಉಸಿರು ಮಾತ್ರ ಕೇಳುತ್ತಿತ್ತು.

ಅಷ್ಟರಲ್ಲಿ ಅತ್ತಿಗೆ ಫೋನು ಕಿತ್ತುಕೊಂಡಿದ್ದಳು. “ನಿಮ್ಮಣ್ಣ ಅಳ್ತಾ ಇದಾರೆ, ಅದಕ್ಕೆ ನಾನೇ ಹೇಳ್ತೀನಿ. ತಲೇಲಿ ಏನೂ ಇಲ್ವಂತೆ.” ಒಂದು ಕ್ಷಣ ಬಿಟ್ಟು, “ಏನೂ ಇಲ್ಲ ಅಂದ್ರೆ, ಗಡ್ಡೆ ಇಲ್ಲ ಅಂತ ಕಣೋ,” ಎಂದು ತಿದ್ದಿ ನಕ್ಕಳು.

ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಸಿದ. ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು, ಕಣ್ಣೀರು ತಾನಾಗಿ ಹರಿಯಿತು. ಮಾಲೀಕಳು ಚಹಾ ತಂದು ಪಕ್ಕದಲ್ಲಿಟ್ಟು, ತಾನೂ ಅಲ್ಲೇ ಕೂತಳು. ತಲೆನೋವು ಹೋಗಿ ಎರಡು ರಾತ್ರಿ ಮಗುವಿನ ಹಾಗೆ ನಿದ್ದೆ ಮಾಡಿದೆ ಎಂದು ಹೇಳಿದಳು.

ಮೂರು ಗಂಟೆಗೆ ಬಾಯ್ಲರ್ ಹೊತ್ತಿಸಿದ. ಜ್ವಾಲೆ ನೀಲಿಯಾಗಿ, ಅಲುಗದೆ ನಿಂತಿತು. ಹೊಗೆ ಕೊಳವೆಯೊಳಗೆ ಅಳತೆಯ ಕಡ್ಡಿ ತೂರಿಸಿ ಅಂಕಿಗಳನ್ನು ನೋಡಿದ, ಸರಿಯಿದ್ದವು. ಕೋಣೆಯೊಳಗೆ ಸೊನ್ನೆ. ಆದರೂ ಒಂದು ಗಂಟೆ ಅಲ್ಲೇ ನಿಂತು ಕಾದ. ಆಮೇಲೆ ಇಸ್ತ್ರಿ ಕೋಣೆಯ ಗೋಡೆಗೆ ಹೊಸ ಎಚ್ಚರಿಕೆ ಗಂಟೆ ಜಡಿದು, ಗುಂಡಿ ಒತ್ತಿ ಕೂಗಿಸಿ ನೋಡಿ, ನಾಳೆ ಎಲ್ಲರೂ ಕೆಲಸಕ್ಕೆ ಬರಬಹುದು ಎಂದು ಮಾಲೀಕಳಿಗೆ ಹೇಳಿದ.