ಮರ್ಯಾದೆಯ ಜಾಗ

ಚಹಾದ ಕೆಟಲಿಗೆ ಕಲೀಪಾ ಕೈ ಹಾಕಿದ್ದೇ ತಡ, ಚಿನಾರಾ ಹಾವು ತುಳಿದವಳಂತೆ ಎದ್ದು ನಿಂತಳು.

"ಬಿಡಿ ಅಕ್ಕಾ! ಯಾರಾದ್ರೂ ನೋಡಿದ್ರೆ ನನ್ನ ಮುಖಕ್ಕೆ ಉಗೀತಾರೆ."

"ಹೊಸಬಳು ನಾನು ತಾನೆ? ಹೊಸಬರೇ ಚಹಾ ಕೊಡೋದು. ನೀನು ಕೂತ್ಕೋ."

"ಹೊಸಬರಲ್ಲ ಅಕ್ಕಾ, ಚಿಕ್ಕವರು. ನಿಮ್ಮ ದಮ್ಮಯ್ಯ, ಕೊಡಿ ಇಲ್ಲಿ."

ನರ್ಸುಗಳ ಕೋಣೆಯಲ್ಲಿದ್ದ ಉಳಿದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಎಳೆದಾಟದಲ್ಲಿ ಗೆದ್ದವಳು ಚಿನಾರಾನೇ. ಇಪ್ಪತ್ತು ವರ್ಷದ ಗಟ್ಟಿ ಹುಡುಗಿ, ಕುರಿ ಹಿಡಿದು ಬೆಳೆದ ಕೈ. ಕಲೀಪಾಳನ್ನು ಹೆಗಲು ಹಿಡಿದು ಬಾಗಿಲಿಗೆ ಎದುರಾದ ಗೋಡೆಯ ಬದಿಗೆ ಕೂರಿಸಿದಳು. ನಮ್ಮ ಕಡೆ ಗುಡಾರವಾಗಲಿ ಮನೆಯಾಗಲಿ, ಆ ಜಾಗ ಹಿರಿಯರದ್ದು. ಬಾಗಿಲ ಬಳಿಯ ಜಾಗ ಎಲ್ಲರಿಗಿಂತ ಚಿಕ್ಕವರದ್ದು. ಕೆಟಲು ಇರುವುದೂ ಅಲ್ಲೇ. ಮೊದಲ ಬಟ್ಟಲು ಕಲೀಪಾಳಿಗೆ ಬಂತು. ರೊಟ್ಟಿ, ಬೆಣ್ಣೆ, ಏಪ್ರಿಕಾಟ್ ಜಾಮು ಎಲ್ಲವೂ ಅವಳ ಮುಂದಕ್ಕೇ ಸರಿದವು. ಕೆಲಸಕ್ಕೆ ಸೇರಬೇಕೆಂದು ಬಂದವಳು ಹೀಗೆ ಬೀಗರ ಮನೆಗೆ ಬಂದವಳಂತೆ ಕೂತು ತಿನ್ನುವುದು ದಿನವೂ ನಡೆದಿತ್ತು.

ಕಲೀಪಾಳಿಗೆ ನಲವತ್ತೇಳು. ಲಕ್ವ ಹೊಡೆದು ಮಲಗಿದ್ದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡಿದ್ದಳು. ಮಗ್ಗುಲು ಬದಲಿಸಿ, ಬೆನ್ನು ಒರೆಸಿ, ಮುದುಕಿಯ ಮೈಮೇಲೆ ಒಂದು ಹುಣ್ಣೂ ಆಗದಂತೆ ಕಾದಿದ್ದಳು. ಅತ್ತೆ ತೀರಿಕೊಂಡು ನಲವತ್ತನೆಯ ದಿನದ ಊಟಕ್ಕೆ ಬಂದ ಹೆಂಗಸರು ಬಾಯಿ ಮಾತಿಗೆ, "ನೀನು ನರ್ಸಾಗಬೇಕಿತ್ತು ಕಣೆ" ಅಂದರು. ಅಂದವರು ಅಡುಗೆ ಉಂಡು ಮರೆತರು. ಇವಳು ಮರೆಯಲಿಲ್ಲ. ಮರು ವರ್ಷವೇ ನರೀನ್ ಪಟ್ಟಣಕ್ಕೆ ಹೋಗಿ ನರ್ಸಿಂಗ್ ಕಾಲೇಜಿನಲ್ಲಿ ಮಗಳ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತಳು. ಗಂಡ ಸಾತಾರ್ ಊರಿಗೆಲ್ಲ ಕೇಳುವಂತೆ ನಕ್ಕ. ನಕ್ಕರೂ ಅಡ್ಡ ಬರಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನೇ.

ಓದು ಮುಗಿಯಿತು. ಕೆಲಸ ಮಾತ್ರ ಸಿಗಲಿಲ್ಲ. ರಾಜಧಾನಿ ಬಿಷ್ಕೆಕ್‌ನಲ್ಲಿ, ನರೀನಿನಲ್ಲಿ, ಬೆಟ್ಟದಾಚೆಯ ಊರುಗಳಲ್ಲಿ, ಹೋದಲ್ಲೆಲ್ಲ ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಕೊನೆಗೆ ಎಲ್ಲರೂ ಒಂದೇ ಮಾತು ಹೇಳಿ ಕಳಿಸಿದರು: "ಆಯಾ ಕೆಲಸ ಇದೆ ಅಕ್ಕಾ. ನಾಳೆಯಿಂದಲೇ ಬನ್ನಿ." ಮಾಸ್ಕೋದಲ್ಲಿದ್ದ ನಾದಿನಿಯೂ ಅದನ್ನೇ ಹುಡುಕಿಟ್ಟಿದ್ದಳು. ಅಲ್ಲಿನ ಯಾವುದೋ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ, ಹತ್ತಾರು ಹೆಂಗಸರ ಜೊತೆ ಒಂದು ಕೋಣೆಯಲ್ಲಿ ವಾಸ. "ನೆಲ ಒರೆಸೋದೇ ಆದ್ರೆ ಅಲ್ಲೇ ಒರೆಸು. ನಾಲ್ಕು ಕಾಸಾದ್ರೂ ಬರುತ್ತೆ" ಎಂದು ಸಾತಾರ್ ದಿನಾ ಫೋನು ಮಾಡುತ್ತಿದ್ದ. ಉಳಿದದ್ದು ಈ ಜಿಲ್ಲಾ ಆಸ್ಪತ್ರೆ ಒಂದೇ. ಇಲ್ಲಿ ನರ್ಸುಗಳು ಒಬ್ಬೊಬ್ಬರಾಗಿ ಊರು ಬಿಟ್ಟಿದ್ದರಿಂದ ದೊಡ್ಡ ಡಾಕ್ಟರು ಬೇರೆ ದಾರಿ ಕಾಣದೆ, "ಒಂದು ವಾರ ವಾರ್ಡಿನಲ್ಲಿ ಇರಲಿ. ಐಪೆರಿ ಹೂಂ ಅಂದ್ರೆ ನಾನು ಸಹಿ ಹಾಕ್ತೀನಿ" ಎಂದಿದ್ದರು. ಇವತ್ತು ಶುಕ್ರವಾರ, ವಾರದ ಕೊನೆಯ ದಿನ.

ಐಪೆರಿ ಈ ವಾರ್ಡಿನ ಹಿರಿಯ ನರ್ಸು. ಹೆಸರಿಗೆ ಹಿರಿಯಳು, ವಯಸ್ಸು ಮೂವತ್ತೂ ತುಂಬಿರಲಿಕ್ಕಿಲ್ಲ. ಗಂಟಲು ಮಾತ್ರ ದೊಡ್ಡದು. "ಏಯ್, ಆರನೇ ಕೋಣೆ! ಕಿವಿ ಎಲ್ಲಿ ಅಡ ಇಟ್ಟಿದೀಯೆ?" ಎಂದು ಅವಳು ಒಂದು ತುದಿಯಿಂದ ಕೂಗಿದರೆ ಇನ್ನೊಂದು ತುದಿಯ ರೋಗಿಗಳೂ ಎದ್ದು ಕೂರುತ್ತಿದ್ದರು. ಅವಳ ಬೈಗುಳಕ್ಕೆ ಹುಡುಗಿಯರು ಹೆದರುತ್ತಿದ್ದರು, ಬೆನ್ನ ಹಿಂದೆ ಅಣಕಿಸುತ್ತಿದ್ದರು, ಮತ್ತೆ ಅವಳ ಸುತ್ತಲೇ ಮುತ್ತಿಕೊಳ್ಳುತ್ತಿದ್ದರು. ಅದೇ ಐಪೆರಿ ಕಲೀಪಾಳ ಹತ್ತಿರ ಬಂದಾಗ ಅವಳ ದನಿ ಎಲ್ಲೋ ಇಂಗಿಹೋಗುತ್ತಿತ್ತು. "ಅಕ್ಕಾ, ನಿಮಗೆ ತೊಂದ್ರೆ ಇಲ್ಲ ಅಂದ್ರೆ, ಆರನೇ ಕೋಣೆಗೆ ಒಂದ್ಸಲ ಹೋಗಿಬರ್ತೀರಾ?"

ಬುಧವಾರ ಕಲೀಪಾ ತಡೆಯಲಾರದೆ ಕೇಳಿಯೇಬಿಟ್ಟಿದ್ದಳು: "ನನ್ನನ್ನೂ ಅವರ ಹಾಗೇ ಕೂಗಿ ಕರೀರಿ. ನಂಗೇನೂ ಬೇಜಾರಿಲ್ಲ."

ಐಪೆರಿ ನಕ್ಕಿದ್ದಳು. "ಬಾಯೇ ಬರಲ್ಲ ಅಕ್ಕಾ. ನಮ್ಮತ್ತೆ ವಯಸ್ಸು ನಿಮಗೆ. ನಿಮ್ಮನ್ನ ಕೂಗಿ ಮನೆಗೆ ಹೋದ್ರೆ ಅಲ್ಲಿ ನನಗೆ ಅನ್ನ ಹುಟ್ಟಲ್ಲ."

ರೋಗಿಗಳೋ, ಇನ್ನೂ ಒಂದು ಕೈ ಮೇಲು. ಕಲೀಪಾ ಬೆಡ್‌ಪ್ಯಾನು ಹಿಡಿದು ಹೋಗುವುದನ್ನು ಕಂಡ ಮುದುಕಿಯೊಬ್ಬಳು ಚಿನಾರಾಳನ್ನು ಹಿಡಿದು, "ತಾಯಿಯಂಥವಳ ಕೈಲಿ ಇದನ್ನ ಎತ್ತಿಸ್ತೀಯಲ್ಲೇ, ಯಾವ ಮನೆ ಹುಡುಗಿ ನೀನು?" ಎಂದು ಝಾಡಿಸಿದ್ದಳು. ಕೆಲವರು ಕಲೀಪಾಳನ್ನು ಡಾಕ್ಟರೆಂದು ತಿಳಿದು ಎದೆ ತೋರಿಸುತ್ತಿದ್ದರು. ಇನ್ನು ಕೆಲವರು ಆಯಾ ಎಂದು ತಿಳಿದು ಚೆಲ್ಲಿದ ಸೂಪನ್ನು ತೋರಿಸುತ್ತಿದ್ದರು. ಅವಳು ಅದನ್ನೂ ಒರೆಸುತ್ತಿದ್ದಳು. ನರ್ಸು ಅಂದುಕೊಂಡವರು ಒಬ್ಬರೂ ಇಲ್ಲ.

ಆದರೂ ಅವಳ ಕೆಲಸದಲ್ಲಿ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ. ನರ ಸಿಗುವುದು ಸ್ವಲ್ಪ ತಡ. ಸಿಕ್ಕ ಮೇಲೆ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಐಪೆರಿ, "ಸಂಜೆ ದೊಡ್ಡ ಡಾಕ್ಟರ ಹತ್ತಿರ ಮಾತಾಡ್ತೀನಿ ಅಕ್ಕಾ" ಎಂದು ಭುಜ ಮುಟ್ಟಿ ಹೋಗಿದ್ದಳು. ಆ ಕೈಯ ಬಿಸಿ ಮಧ್ಯಾಹ್ನದವರೆಗೂ ಕಲೀಪಾಳ ಭುಜದ ಮೇಲೆ ಇದ್ದಂತಿತ್ತು. ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಕಲ್ಲಿದ್ದಲ ಹೊಗೆ ಅಂಗಳದ ಮೇಲೆ ಕವಿದು ಹಗಲೇ ಕತ್ತಲೆ ಮಾಡಿತ್ತು. ಅವಳಿಗೆ ಅದೂ ಚೆಂದ ಕಂಡಿತು.

ಮಧ್ಯಾಹ್ನ ಎಂಟನೇ ಕೋಣೆಯಲ್ಲಿದ್ದ ಶಾಲೆಯ ಎಳೆಯ ಮೇಡಂಗೆ ಅವಳು ಡ್ರಿಪ್ ಹಾಕಿದಳು. ನ್ಯುಮೋನಿಯಾದಿಂದ ಸೋತು ಸುಣ್ಣವಾಗಿದ್ದ ಹುಡುಗಿ. ಜೊತೆಗಿದ್ದ ತಾಯಿ ಮನೆಗೆ ಸೂಪು ತರಲು ಹೋಗಿದ್ದಳು. "ಬಾಟಲಿ ಮುಗಿಯೋ ಹೊತ್ತಿಗೆ ನಾನೇ ಬರ್ತೀನಿ, ನೀವು ಕಣ್ಣು ಮುಚ್ಕೊಳ್ಳಿ" ಎಂದು ಹೇಳಿ ಕಲೀಪಾ ಬೇರೆ ಕೆಲಸಕ್ಕೆ ಹೋದಳು. ಸರಿಯಾದ ಹೊತ್ತಿಗೇ ತಿರುಗಿ ಹೊರಟಳು. ಎಂಟನೇ ಕೋಣೆಗೆ ಹೋಗಬೇಕಾದರೆ ಏಳನೆಯದನ್ನು ದಾಟಬೇಕು. ಏಳನೆಯದರಲ್ಲಿ ಮಾಂಬೆತ್ ಅಜ್ಜ ಟೋಪಿ ಹಾಕಿ, ಬೂಟು ಮೆಟ್ಟಿ, ಮನೆಗೆ ಹೊರಡಲು ತಯಾರಾಗಿ ಕೂತಿದ್ದ. ಸೊಸೆ ಮಂಚದ ಮೇಲೆ ಬಟ್ಟೆ ಹಾಸಿ ರೊಟ್ಟಿ ಮುರಿದಿಟ್ಟಿದ್ದಳು.

"ಬಾರವ್ವ ಮಗಳ, ಬಾ! ನಿನ್ನ ದಾರೀನ ಕಾಯಾಕತ್ತಿದ್ದೆ. ನಿನಗ ಆಶೀರ್ವಾದ ಮಾಡದ ಹ್ಯಾಂಗ ಹೋಗ್ಲಿ?"

"ಬಂದೆ ಅಜ್ಜ, ಒಂದೇ ನಿಮಿಷ. ಪಕ್ಕದ ಕೋಣೇಲಿ ಬಾಟಲಿ…"

ಅಜ್ಜ ಆಗಲೇ ಎರಡೂ ಅಂಗೈ ಮೇಲಕ್ಕೆತ್ತಿದ್ದ. ಸೊಸೆ ಎತ್ತಿದಳು. ಪಕ್ಕದ ಮಂಚದಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡಿದ್ದವನೂ ಎತ್ತಿದ. ಹಿರಿಯರು ಕೈ ಎತ್ತಿದ ಮೇಲೆ ನಮ್ಮಲ್ಲಿ ಕುದುರೆಯ ಮೇಲಿದ್ದವನೂ ನಿಲ್ಲುತ್ತಾನೆ. ಚಿಕ್ಕ ಹುಡುಗಿಯರ ಮಾತು ಬೇರೆ. ಅವರು ತಲೆ ತಗ್ಗಿಸಿ ನುಸುಳಿದರೆ ಯಾರೂ ಗಮನಿಸುವುದಿಲ್ಲ. ನಲವತ್ತೇಳರ ಹೆಂಗಸು, ಅದೂ ತನ್ನ ಹೆಸರಿನಲ್ಲೇ ಆಶೀರ್ವಾದ ನಡೆಯುವಾಗ, ಬೆನ್ನು ತಿರುಗಿಸಿ ಹೋಗುವುದುಂಟೆ? ಕಲೀಪಾಳ ಕೈಗಳು ತಾವಾಗಿಯೇ ಮೇಲೆದ್ದವು.

"ಮಗಳ ಕೈ ಹಗೂರಾಗ್ಲಿ. ಈ ದವಾಖಾನ್ಯಾಗ ನೌಕರಿ ಕಾಯಂ ಆಗ್ಲಿ. ಕುರಿ ಕುದುರಿ ಹೆಚ್ಚಾಗ್ಲಿ. ಸತ್ತ ಹಿರ್ಯಾರು ಮಣ್ಣಾಗ ತಣ್ಣಗಿರ್ಲಿ…"

ಅಜ್ಜನಿಗೆ ಉಸಿರು ಸಾಲದು. ನಾಲ್ಕು ಮಾತಿಗೊಮ್ಮೆ ನಿಂತು ಎದೆ ಏರಿಸುತ್ತಿದ್ದ. ನಿಂತಾಗಲೆಲ್ಲ ಆಶೀರ್ವಾದ ಮುಗಿಯಿತೆಂದು, ರೂಢಿಯಂತೆ ಮುಖ ಸವರಿಕೊಳ್ಳಲು ಕಲೀಪಾ ಕೈಯನ್ನು ಮುಖದ ಹತ್ತಿರ ತರುತ್ತಿದ್ದಳು. ಅಜ್ಜ ಮತ್ತೆ ಮುಂದುವರಿಸುತ್ತಿದ್ದ. ಅವಳ ಗಂಡ, ಮಕ್ಕಳು, ದೊಡ್ಡ ಡಾಕ್ಟರು, ದೇಶ ಆಳುವವರ ಬುದ್ಧಿ, ಎಲ್ಲವೂ ಆಶೀರ್ವಾದದೊಳಗೆ ಬಂದವು. ಅಷ್ಟರಲ್ಲಿ ಚಿನಾರಾ ಬಾಗಿಲಲ್ಲಿ ಇಣುಕಿದಳು. ಕಲೀಪಾ ಕಣ್ಣಿನಲ್ಲೇ ಪಕ್ಕದ ಕೋಣೆಯ ಗೋಡೆ ತೋರಿಸಿದಳು. ಅಜ್ಜನ ಉದ್ದ ಪುರಾಣಕ್ಕೆ ಅಕ್ಕ ಕಣ್ಣು ತಿರುಗಿಸುತ್ತಿದ್ದಾಳೆಂದುಕೊಂಡ ಆ ಹುಡುಗಿ ತುಟಿ ಕಚ್ಚಿ ನಕ್ಕು, ಮೆಲ್ಲಗೆ ಜಾರಿಕೊಂಡಳು.

"ಓಮಿನ್" ಎಂದು ಅಜ್ಜ ಕೊನೆಗೂ ಮುಖ ಸವರಿಕೊಳ್ಳುವುದಕ್ಕೂ ಗೋಡೆಯಾಚೆ ಚೀರು ಏಳುವುದಕ್ಕೂ ಸರಿಹೋಯಿತು.

ಬಾಟಲಿ ಯಾವಾಗಲೋ ಬರಿದಾಗಿತ್ತು. ಎಚ್ಚರವಾದ ಮೇಡಂ, ತನ್ನ ರಕ್ತವೇ ನಳಿಗೆಯಲ್ಲಿ ಮೇಲೇರುವುದನ್ನು ಕಂಡು ಬೆದರಿ ಸೂಜಿಯನ್ನು ಕಿತ್ತು ಎಸೆದಿದ್ದಳು. ಹಾಸಿಗೆಯೆಲ್ಲ ಕೆಂಪು. ನಿಜಕ್ಕೂ ಅಪಾಯವೇನೂ ಆಗಿರಲಿಲ್ಲ. ಕಲೀಪಾ ಹತ್ತಿ ಒತ್ತಿ, ಕೈ ಎತ್ತಿಸಿ ಹಿಡಿದು, ಸಮಾಧಾನ ಹೇಳಿ, ರಕ್ತ ನಿಲ್ಲಿಸಿದಳು. ಆದರೆ ಸೂಪಿನ ಪಾತ್ರೆ ಹಿಡಿದು ಬಂದ ತಾಯಿ ಬಾಗಿಲಲ್ಲೇ ಕೂಗಿಕೊಂಡಳು. ಅವಳ ಹಿಂದೆ ಐಪೆರಿ ನಿಂತಿದ್ದಳು.

ನರ್ಸುಗಳ ಕೋಣೆಯಲ್ಲಿ ಇಬ್ಬರೇ ಇದ್ದಾಗ ಕಲೀಪಾ ತಾನಾಗಿಯೇ ಬಾಗಿಲ ಬಳಿ ನಿಂತಳು.

"ತಪ್ಪು ನಂದೇ. ಅಜ್ಜ ಕೈ ಎತ್ತಿಬಿಟ್ರು. ಬಿಟ್ಟು ಬರೋಕೆ ಆಗ್ಲಿಲ್ಲ."

"ಗೊತ್ತಾಯ್ತು ಅಕ್ಕಾ."

"ಬೈಯಿರಿ."

ಐಪೆರಿ ತಲೆ ಎತ್ತಿದಳು.

"ಬೈಯಿರಿ ಐಪೆರಿ. ಚಿನಾರಾ ಹೀಗೆ ಮಾಡಿದ್ರೆ ಏನಂತಿದ್ರೋ ಅದನ್ನೇ ಅನ್ನಿ. ಬಾಯಿಗೆ ಬಂದದ್ದು ಅನ್ನಿ. ಒಂದು ವಾರ ಬೆಡ್‌ಪ್ಯಾನ್ ತೊಳಿ ಅನ್ನಿ, ತೊಳೀತೀನಿ."

ಐಪೆರಿ ಬಾಯಿ ತೆರೆದಳು. ಕತ್ತಿನ ನರ ಉಬ್ಬಿತು, ಮುಖ ಕೆಂಪಗಾಯಿತು. ಆ ದೊಡ್ಡ ಗಂಟಲಿನಿಂದ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಲೀಪಾ ಉಸಿರು ಹಿಡಿದು ಕಾದಳು. ಜೀವಮಾನದಲ್ಲಿ ಯಾವ ಹೊಗಳಿಕೆಗೂ ಅವಳು ಹಾಗೆ ಹಂಬಲಿಸಿರಲಿಲ್ಲ.

"ಅಕ್ಕಾ," ಎಂದಳು ಐಪೆರಿ. ಅವಳ ಕಣ್ಣಲ್ಲಿ ನೀರಿತ್ತು. "ನಿಂತೇ ಇದೀರಲ್ಲ, ಕೂತ್ಕೊಳ್ಳಿ. ಕಾಲು ನೋಯುತ್ತೆ."

ಆಮೇಲೆ ನಡೆದದ್ದನ್ನು ಅನ್ಯಾಯ ಎನ್ನಲೂ ನನಗೆ ಬಾಯಿ ಬರುವುದಿಲ್ಲ. ಐಪೆರಿ ಬೀರುವಿನಿಂದ ಹೊಸ ದಿಂಬು ತೆಗೆದು ಗೋಡೆಯ ಬದಿಗೆ ಹಾಕಿದಳು. ಕಲೀಪಾಳ ಕೈ ಹಿಡಿದು ಅಲ್ಲಿ ಕೂರಿಸಿದಳು. ಹಬ್ಬಕ್ಕೆಂದು ಎತ್ತಿಟ್ಟಿದ್ದ ಸಿಹಿ ತಿಂಡಿಯ ಡಬ್ಬಿ ಮುಂದಿಟ್ಟಳು. ಹಿರಿಯ ನರ್ಸು ತಾನೇ ಬಾಗಿಲ ಬಳಿ ಮಂಡಿಯೂರಿ ಕೂತು ಚಹಾ ಬಗ್ಗಿಸಿ, ಬಲಗೈಗೆ ಎಡಗೈ ತಾಗಿಸಿ ಬಟ್ಟಲು ಕೊಟ್ಟಳು. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಹಿಮ ಜೋರಾಗಿದೆ. ಊರಿನ ವ್ಯಾನು ಹೊರಡೋ ಮುಂಚೆ ಡ್ರೈವರ್‌ಗೆ ಹೇಳಿ ಮುಂದಿನ ಸೀಟು ಹಿಡಿಸ್ತೀನಿ. ಹಿಂದೆ ಕೂತ್ರೆ ನಿಮಗೆ ಚಳಿ."

ದೊಡ್ಡ ಡಾಕ್ಟರ ಸಹಿ ಇನ್ನು ಬೀಳುವುದಿಲ್ಲವೆಂದು ಕಲೀಪಾಳಿಗೆ ಅರ್ಥವಾಯಿತು.

ಐಪೆರಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಕಾರಿಡಾರು ನಡುಗಿತು.

"ಚಿನಾರಾ! ಬಾರೆ ಇಲ್ಲಿ! ಕಣ್ಣಿದೆಯೋ ಗುಂಡಿ ಇದೆಯೋ ನಿನ್ನ ಮುಖದಲ್ಲಿ? ಎಂಟನೇ ಕೋಣೆ ಮುಂದೇನೇ ಹಾದು ಹೋಗಿದೀಯಾ, ಒಂದ್ಸಲ ಇಣುಕಿ ನೋಡೋಕೆ ನಿಂಗೇನು ರೋಗ? ಹುಡುಗಿ ರಕ್ತ ನೋಡಿ ಸತ್ತೇ ಹೋಗ್ತಿದ್ಲು! ಕುರಿ ಕಾಯೋಕೆ ಹೋಗು, ಕುರಿಗಳೂ ನಿನ್ನ ನೋಡಿ ನಗ್ತಾವೆ! ಏನೇ ಅಳ್ತೀಯಾ? ಅಳು, ಚೆನ್ನಾಗಿ ಅಳು!"

ವಾರವಿಡೀ ಅದುಮಿಟ್ಟಿದ್ದದ್ದೆಲ್ಲ ಅಲ್ಲಿ ಹೊರಬರುತ್ತಿತ್ತು. ಕಲೀಪಾ ಬಟ್ಟಲನ್ನು ಕೆಳಗಿಟ್ಟು, ಒಂದು ಮಾತೂ ತಪ್ಪಿಸಿಕೊಳ್ಳದೆ ಕೇಳಿಸಿಕೊಂಡಳು.

ಬಾಗಿಲು ತೆರೆದು ಚಿನಾರಾ ಒಳಗೆ ಬಂದಳು. ಮೂಗು ಕೆಂಪು, ಕೆನ್ನೆಯೆಲ್ಲ ಒದ್ದೆ. ಕೆಟಲಿನ ಪಕ್ಕ ಕುಸಿದು ಕೂತು ಬಿಳಿ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡಳು.

"ನೋಡಿ ಅಕ್ಕಾ, ರಾಕ್ಷಸಿ ಅವಳು," ಎಂದಳು ಬಿಕ್ಕುತ್ತ. "ನಾಳೆ ಎಲ್ಲರಿಗಿಂತ ಮುಂಚೆ ಬರಬೇಕಂತೆ. ಕತ್ತಲಿರುವಾಗ್ಲೇ! ಬರೋ ವಾರ ಪೂರ್ತಿ ಹಾಗೇ ಬರಬೇಕಂತೆ."

ಕಲೀಪಾ ಅವಳನ್ನೇ ನೋಡುತ್ತಿದ್ದಳು.

"ತಣ್ಣಗಾಯ್ತಲ್ಲ ಅಕ್ಕಾ ನಿಮ್ಮ ಚಹಾ," ಎಂದು ಚಿನಾರಾ ಮೂಗೆಳೆದುಕೊಂಡು, ಬಟ್ಟಲು ಬರಿದು ಮಾಡಿ, ಹೊಸದಾಗಿ ಬಗ್ಗಿಸಿ, ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದಳು.